ಅಮ್ಮನ ವಂಕಿ ಉಂಗುರ, ಮ್ಯೂನಿಕ್ಕಿನ ರಟ್ಟಿನ ಬಳೆ

"ಎಷ್ಟು ಗ್ರಾಂ ಅಂತ ಕೇಳು."

ಮ್ಯೂನಿಕ್ಕಿನಲ್ಲಿ ಇದ್ದ ಮೂರು ದಿನದಲ್ಲಿ ಅಮ್ಮ ಆಡಿದ ಮಾತಿನಲ್ಲಿ ಅರ್ಧಕ್ಕರ್ಧ ಇದೇ. ಇನ್ನರ್ಧ "ಚಳಿ ಕಣೇ."

ಅಮ್ಮ ಜರ್ಮನಿಯ ಸ್ಟುಟ್‌ಗಾರ್ಟಿನ ನಮ್ಮ ಮನೆಗೆ ಬಂದು ಮೂರು ವಾರ ಆಗಿತ್ತು. ಅರಮನೆ ತೋರಿಸಿದ್ದೆ, ಕಾರು ಮ್ಯೂಸಿಯಂ ತೋರಿಸಿದ್ದೆ. ಕಾಲು ನೋವು ಬಂತು ಅನ್ನುವುದು ಬಿಟ್ಟರೆ ಎರಡರಲ್ಲೂ ಅವಳಿಗೆ ನೆನಪಿಡುವಂಥದ್ದು ಏನೂ ಸಿಗಲಿಲ್ಲ. ಆಮೇಲೆ ಹೊಳೆಯಿತು. ಇವಳು ಅಕ್ಕಸಾಲಿಗನ ಮಗಳು. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ತಾತನ ಕುಲುಮೆ ಪಕ್ಕ ಕೂತು ಬೆಳೆದವಳು. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ" ಅನ್ನೋ ಗಾದೆಯನ್ನು ಯಾರಾದರೂ ಎದುರಿಗೆ ಅಂದರೆ "ನಮ್ಮಪ್ಪನಿಗೆ ಅಕ್ಕನೇ ಇರ್ಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಾಳೆ. ಇಂಥವಳಿಗೆ ಕಾರು ಯಾಕೆ ತೋರಿಸಬೇಕು? ಮಾರ್ಚ್‌ನಲ್ಲಿ ಮ್ಯೂನಿಕ್ಕಿನಲ್ಲಿ ಒಡವೆ ವಾರ ನಡೆಯುತ್ತದೆ. ಪ್ರಪಂಚದ ಮೂಲೆ ಮೂಲೆಯಿಂದ ಕೈಕೆಲಸದ ವಿಚಿತ್ರ ಒಡವೆ ಮಾಡುವವರು ಬರುತ್ತಾರೆ. ಅಲ್ಲಿಗೇ ಹೋಗೋಣ ಎಂದೆ.

"ಚಿನ್ನದ ರೇಟ್ ಇಲ್ಲಿ ಕಮ್ಮಿನಾ?" ಎಂದು ಕೇಳಿದಳು. ನಾನು ಉತ್ತರ ಕೊಡದೆ ಟಿಕೆಟ್ ಬುಕ್ ಮಾಡಿದೆ.

ಮೊದಲ ದಿನ, ಶುಕ್ರವಾರ

ರೈಲು ನಲವತ್ತು ನಿಮಿಷ ತಡ. ಅದು ಸುದ್ದಿಯೇ ಅಲ್ಲ, ಬಿಡಿ. ಡಬ್ಬಿಯಲ್ಲಿದ್ದ ಅವಲಕ್ಕಿ ಮ್ಯೂನಿಕ್ ಮುಟ್ಟುವ ಮೊದಲೇ ಖಾಲಿಯಾಯಿತು.

ಜಾತ್ರೆ ನಡೆಯುವುದು ರೀಮ್ ಅನ್ನುವ ಕಡೆ. 1992ರವರೆಗೆ ಅಲ್ಲಿ ಊರಿನ ವಿಮಾನ ನಿಲ್ದಾಣ ಇತ್ತು. ಈಗ ದೊಡ್ಡ ದೊಡ್ಡ ಪ್ರದರ್ಶನ ಸಭಾಂಗಣಗಳಿವೆ. ಮೆಟ್ರೊದ ಯು2 ನೇರವಾಗಿ ಅಲ್ಲಿಗೇ ಹೋಗುತ್ತದೆ. ಒಳಗೆ ಕಾಲಿಟ್ಟರೆ ಒಡವೆ ಎಲ್ಲೂ ಕಾಣಲಿಲ್ಲ. ಯಾಕೆಂದರೆ ಇದು ಕೈಕಸುಬಿನವರೆಲ್ಲರ ಜಾತ್ರೆ. ಬಡಗಿಗಳು, ಹೆಂಚು ಹೊದಿಸುವವರು, ಒಲೆ ಕಟ್ಟುವವರು, ಕಿಟಕಿ ಮಾರುವವರು. ಮೈಸೂರು ದಸರಾ ವಸ್ತುಪ್ರದರ್ಶನ ನೆನಪಾಯಿತು. ಅಲ್ಲಿಯ ಹಾಗೇ ಇಲ್ಲೂ ಒಬ್ಬ ಕಿವಿಗೆ ಮೈಕ್ ಸಿಕ್ಕಿಸಿಕೊಂಡು ಕ್ಯಾರೆಟ್ ತುರಿಯುತ್ತಾ ನಿಂತಿದ್ದ. ಅಮ್ಮ ಇಪ್ಪತ್ತು ಯೂರೊ ಕೊಟ್ಟು ತುರಿಮಣೆ ಕೊಂಡಳು. ನಾನು ತಡೆಯಲಿಲ್ಲ. ಪ್ರವಾಸದಲ್ಲಿ ಮೊದಲ ಖರೀದಿ ಅವಳದ್ದೇ ಆಗಲಿ ಅಂತ ಸುಮ್ನೆ ಇದ್ದೆ.

ಇಷ್ಟೆಲ್ಲ ಗದ್ದಲದ ನಡುವೆ ಒಂದು ಕಡೆ ಗಾಜಿನ ಪೆಟ್ಟಿಗೆಗಳ ಸಾಲು. ಮೇಲೆ ಒಂದೇ ಪದ: ಶ್ಮುಕ್. ಜರ್ಮನ್‌ನಲ್ಲಿ ಹಾಗಂದರೆ ಒಡವೆ, ಅಷ್ಟೇ. ಈ ಪ್ರದರ್ಶನ ಶುರುವಾದದ್ದು 1959ರಲ್ಲಿ. ಹರ್ಬರ್ಟ್ ಹಾಫ್‌ಮನ್ ಅನ್ನುವವರು ಶುರು ಮಾಡಿದರು. ಅವರ ಹೆಸರಿನ ಪ್ರಶಸ್ತಿಯನ್ನು 1973ರಿಂದ ಇಲ್ಲಿ ಕೊಡುತ್ತಾರೆ. ಈ ಕಸುಬಿನವರಿಗೆ ಅದು ಬಹಳ ದೊಡ್ಡ ಮರ್ಯಾದೆ. ಪ್ರತಿ ವರ್ಷ ಯಾರಾದರೂ ಒಬ್ಬರನ್ನು ಕರೆದು, ಬಂದ ಅರ್ಜಿಗಳನ್ನೆಲ್ಲ ಅವರ ಮುಂದೆ ಇಡುತ್ತಾರೆ. ಅರವತ್ತರ ಆಸುಪಾಸು ಜನರನ್ನು ಅವರು ಆರಿಸುತ್ತಾರೆ. ಮುಂದಿನ ವರ್ಷ ಇನ್ನೊಬ್ಬರು. ಹಾಗಾಗಿ ಒಂದು ವರ್ಷದ ರುಚಿ ಇನ್ನೊಂದು ವರ್ಷಕ್ಕೆ ಇರುವುದಿಲ್ಲ.

ಅಮ್ಮ ಮೊದಲ ಪೆಟ್ಟಿಗೆ ಮುಂದೆ ನಿಂತಳು. ಎರಡನೆಯದಕ್ಕೆ ಹೋದಳು. ಮೂರನೆಯದರ ಹತ್ತಿರ ಬಂದು ನನ್ನ ಕಿವಿಯಲ್ಲಿ ಕೇಳಿದಳು: "ಒಡವೆ ಎಲ್ಲಿ?"

ತಪ್ಪು ಅವಳದ್ದಲ್ಲ. ಪ್ಲಾಸ್ಟಿಕ್ಕು, ಮರ, ತುಕ್ಕು ಹಿಡಿದ ತಗಡು, ಕೂದಲು, ಉಣ್ಣೆ, ಒಡೆದ ಪಿಂಗಾಣಿ. ಚಿನ್ನ ಇದ್ದರೂ ಎಲ್ಲೋ ಹಿಂಬದಿಯ ಪಿನ್ನಿಗೆ ಇಷ್ಟೇ ಇಷ್ಟು. ನಮ್ಮಲ್ಲಿ ಒಡವೆ ಅಂದರೆ ಕಷ್ಟ ಬಂದಾಗ ಬ್ಯಾಂಕಿಗೆ ಒಯ್ಯುವಂಥದ್ದು. ಇದನ್ನು ಅಡ ಇಟ್ಟರೆ ಬ್ಯಾಂಕಿನವರು ನಗುತ್ತಾರೆ.

ಪಕ್ಕದಲ್ಲಿ ಗ್ಯಾಲರಿಗಳು ಅಂಗಡಿ ಹಾಕಿರುತ್ತವೆ. ಅಲ್ಲಿ ಕಾರ್ಲ್ ಫ್ರಿಚ್‌ನ ಉಂಗುರಗಳಿದ್ದವು. ನಾನು ಈ ವಾರಕ್ಕೆ ಬರುವುದೇ ಮುಖ್ಯವಾಗಿ ಇವನಿಗಾಗಿ. ಜರ್ಮನಿಯಲ್ಲಿ ಹುಟ್ಟಿದವನು, ಫೋರ್ಟ್ಸ್‌ಹೈಮ್ ಮತ್ತು ಮ್ಯೂನಿಕ್ಕಿನಲ್ಲಿ ಕಲಿತವನು, ಈಗ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಇದ್ದಾನೆ. ಉಂಗುರವನ್ನು ಮೇಣದಲ್ಲಿ ಕೈಯಿಂದಲೇ ಒತ್ತಿ ಒತ್ತಿ ಮಾಡಿ ಎರಕ ಹೊಯ್ಯುತ್ತಾನೆ. ಆಮೇಲೆ ನಯ ಮಾಡುವುದಿಲ್ಲ. ಹೆಬ್ಬೆರಳಿನ ಗುರುತು ಬೆಳ್ಳಿಯಲ್ಲಿ ಹಾಗೇ ಉಳಿದಿರುತ್ತದೆ. ಕಪ್ಪಾಗಿಸಿದ ಬೆಳ್ಳಿಯ ಮೇಲೆ ಕೆಂಪು, ಹಸಿರು, ನೀಲಿ ಕಲ್ಲುಗಳನ್ನು ಗುಡ್ಡೆ ಹಾಕಿದ ಹಾಗೆ ಕೂರಿಸಿರುತ್ತಾನೆ. ಪಲ್ಯಕ್ಕೆ ಒಗ್ಗರಣೆ ಸುರಿದಂತೆ ಕಾಣುತ್ತದೆ. ಬೆಲೆ ಬಾಳುವ ಕಲ್ಲೂ ಗಾಜಿನ ಚೂರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂತಿರುತ್ತವೆ.

ಅಮ್ಮ ಬಗ್ಗಿ ನೋಡಿದಳು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು.

"ಅರ ಹಾಕೋದು ಮರೆತಿದಾನೆ."

"ಮರೆತಿಲ್ಲಮ್ಮ, ಬೇಕು ಅಂತಲೇ ಬಿಟ್ಟಿದಾನೆ."

"ಹಿಂಗೆ ಬಿಟ್ಟಿದ್ರೆ ಗಿರಾಕಿಗಳು ನಮ್ಮಪ್ಪನ ಮುಖಕ್ಕೆ ಎಸೆದು ಹೋಗೋರು." ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದಳು: "ಕಲ್ಲು ಅಲ್ಲಾಡಲ್ಲ ಆದ್ರೂ. ಹಿಡಿತ ಚೆನ್ನಾಗಿದೆ. ಎಷ್ಟು ಗ್ರಾಂ ಅಂತ ಕೇಳು."

ಕೇಳಿದೆ. ಅಂಗಡಿಯ ಹೆಂಗಸಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕು, ತೂಕ ಮಾಡಿಲ್ಲ, ತಕ್ಕಡಿಯೂ ತಂದಿಲ್ಲ ಎಂದಳು. ತಕ್ಕಡಿ ಇಲ್ಲದ ಒಡವೆ ಅಂಗಡಿ! ರಾತ್ರಿ ಹೋಟೆಲಿನಲ್ಲಿ ಅಮ್ಮ ಇದನ್ನೇ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದ್ದು. ತುರಿಮಣೆ ವಿಷಯ ಆಮೇಲೆ ಬಂತು.

ಎರಡನೇ ದಿನ, ಶನಿವಾರ

ರೀಮ್‌ನ ಜಾತ್ರೆ ಒಂದು ಪಾಲು ಮಾತ್ರ. ಅದೇ ವಾರ ಊರೊಳಗೆ ಎಲ್ಲೆಲ್ಲೂ ಪ್ರದರ್ಶನಗಳು. ಗ್ಯಾಲರಿಯಲ್ಲಿ, ಯಾರದೋ ಕಾರ್ಖಾನೆ ಕೋಣೆಯಲ್ಲಿ, ಹೂವಿನಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಮನೆಯ ನೆಲಮಾಳಿಗೆಯಲ್ಲಿ. ಗಣೇಶನ ಹಬ್ಬದಲ್ಲಿ ಬೀದಿ ಬೀದಿ ಗಣಪತಿ ನೋಡಿಕೊಂಡು ಬರುತ್ತೇವಲ್ಲ, ಅದೇ ಥರ ಜನ ಕೈಯಲ್ಲಿ ಪಟ್ಟಿ ಹಿಡಿದು ಓಡಾಡುತ್ತಾರೆ. ಯಾರು ಒಡವೆಯವರು ಅಂತ ಟ್ರಾಮಿನಲ್ಲೇ ಗೊತ್ತಾಗುತ್ತದೆ. ಕಪ್ಪು ಕೋಟು, ಅದರ ಮೇಲೆ ಬದನೆಕಾಯಿ ಗಾತ್ರದ ಏನೋ ಒಂದು ಬ್ರೋಚು. ಅಮ್ಮ ಒಬ್ಬರಿಗೆ "ನಿಮ್ಮ ಕೋಟಿಗೆ ಏನೋ ಅಂಟಿಕೊಂಡಿದೆ" ಎಂದು ಕೈಸನ್ನೆ ಮಾಡಿ ತೋರಿಸಿದಳು. ಅವರು ಬಹಳ ಸಂತೋಷಪಟ್ಟರು.

ಎರಡನೆಯ ಗ್ಯಾಲರಿಯಲ್ಲಿ ಒಂದು ಬಳೆ ಇತ್ತು. ಪಾರ್ಸೆಲ್ ಪೆಟ್ಟಿಗೆಯ ರಟ್ಟು ಗೊತ್ತಲ್ಲ, ಒಳಗೆ ಅಲೆ ಅಲೆಯಾಗಿ ಇರುವಂಥದ್ದು. ಅದನ್ನು ಪಟ್ಟಿ ಕತ್ತರಿಸಿ ಸುತ್ತಿ ಸ್ಟೇಪ್ಲರ್ ಪಿನ್ನು ಹೊಡೆದ ಹಾಗೆ. ಅಂಚಿನಲ್ಲಿ ರಟ್ಟಿನ ಅಲೆ ಕಾಣುತ್ತಿತ್ತು. ಒಂದು ಕಡೆ ಮಡಿಚಿದ ಗುರುತೂ ಇತ್ತು.

"ಇದನ್ನ ನಮ್ಮ ಪುಟ್ಟಿ ಎಲ್‌ಕೆಜಿಲಿ ಮಾಡಿದ್ಲು" ಎಂದಳು ಅಮ್ಮ.

ಗ್ಯಾಲರಿಯ ಹುಡುಗ ಬಿಳಿ ಕೈಗವಸು ಹಾಕಿಕೊಂಡು ಬಳೆ ತೆಗೆದು ಅಮ್ಮನ ಅಂಗೈ ಮೇಲೆ ಇಟ್ಟ. ಅಮ್ಮನ ಕೈ ಒಂದಿಷ್ಟು ಕೆಳಗೆ ಹೋಯಿತು. ಆ ಕ್ಷಣದ ಅವಳ ಮುಖ ನಾನು ಮರೆಯುವುದಿಲ್ಲ. ಅಕ್ಕಸಾಲಿಗನ ಮಗಳಿಗೆ ಕಣ್ಣಿಗಿಂತ ಕೈ ಬೇಗ ಹೇಳುತ್ತದೆ.

"ಬೆಳ್ಳಿ!"

ಹೌದು, ಬೆಳ್ಳಿ. ರಟ್ಟಿನ ಬಣ್ಣ ಬರುವ ಹಾಗೆ ಮೇಲ್ಮೈಯನ್ನು ಹದ ಮಾಡಿದ್ದಾರೆ. ಸ್ಟೇಪ್ಲರ್ ಪಿನ್ನುಗಳು ಬಿಳಿ ಚಿನ್ನದವು. ಮಾಡಿದವನು ಡೇವಿಡ್ ಬೀಲಾಂಡರ್, ಬಾಸೆಲ್‌ನಲ್ಲಿ ಹುಟ್ಟಿ ಮ್ಯೂನಿಕ್ಕಿನಲ್ಲೇ ನೆಲೆಸಿದವನು. ಇದೇ ರಟ್ಟಿನ ಸರಣಿಯಲ್ಲಿ ಒಂದು ಕಿರೀಟವನ್ನೂ ಮಾಡಿದ್ದಾನೆ. ನಮ್ಮಲ್ಲಿ ಹಿತ್ತಾಳೆಗೆ ಚಿನ್ನದ ನೀರು ಹಾಕಿ ಚಿನ್ನ ಅಂತ ತೋರಿಸುತ್ತಾರೆ. ಇವನು ಬೆಳ್ಳಿಗೆ ರಟ್ಟಿನ ಬಣ್ಣ ಹಾಕಿ ರಟ್ಟು ಅಂತ ನಂಬಿಸುತ್ತಾನೆ. ಮೋಸ ಉಲ್ಟಾ ಆಗಿದೆ, ಅಲ್ವಾ? ಅಮ್ಮ ಐದು ನಿಮಿಷ ಆ ಬಳೆಯನ್ನು ಬಿಡಲಿಲ್ಲ. ಅಲೆಗಳನ್ನು ಹೇಗೆ ಮಡಿಚಿರಬಹುದು, ಬೆಸುಗೆ ಎಲ್ಲಿ ಹಾಕಿರಬಹುದು ಎಂದು ತಿರುಗಿಸಿ ತಿರುಗಿಸಿ ನೋಡಿದಳು. ಬೆಸುಗೆ ಸಿಗಲಿಲ್ಲ. "ಕಳ್ಳ" ಎಂದಳು. ಅವಳ ಬಾಯಲ್ಲಿ ಅದು ಹೊಗಳಿಕೆ.

ಮಧ್ಯಾಹ್ನ ಊಟಕ್ಕೆ ಬ್ರೆಟ್ಸೆಲ್ ಅನ್ನುವ ಗಂಟು ಹಾಕಿದಂಥ ಬ್ರೆಡ್ಡು ಮತ್ತು ಚೀಲದಲ್ಲಿದ್ದ ಚಟ್ನಿಪುಡಿ. ಚೆನ್ನಾಗಿ ಹೊಂದುತ್ತದೆ, ಬೇಕಾದರೆ ಮಾಡಿ ನೋಡಿ.

ಆಮೇಲೆ ಸೈಕಲ್ ರಿಪೇರಿ ಅಂಗಡಿಯೊಂದರ ಹಿಂದಿನ ಕೋಣೆಗೆ ಹೋದೆವು. ನಾಲ್ಕು ಜನ ಎಳೆಯ ವಯಸ್ಸಿನವರು ಸೇರಿ ಪ್ರದರ್ಶನ ಇಟ್ಟಿದ್ದರು. ಟೈರಿನ ವಾಸನೆ. ಒಬ್ಬಳು ಹುಡುಗಿ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಪದರ ಪದರವಾಗಿ ಅಂಟಿಸಿ, ಒತ್ತಿ, ಗಟ್ಟಿ ಮಾಡಿ, ಮರ ಕಡೆದ ಹಾಗೆ ಕಡೆದು ಉಂಗುರ ಮಾಡಿದ್ದಳು. ಹತ್ತಿರದಿಂದ ನೋಡಿದರೆ ಬೂದು ಬಣ್ಣದ ಸಣ್ಣ ಸಣ್ಣ ಗೆರೆಗಳು. ಅಕ್ಷರಗಳ ಮಸಿ ಅಡ್ಡ ಕತ್ತರಿಸಿ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ನಡುವೆ ಎಲ್ಲೋ ಒಂದು ಜಾಹೀರಾತಿನ ಕೆಂಪು, ಕೂದಲೆಳೆಯಷ್ಟು. ಒಳಮೈ ಕೈಗೆ ರೇಷ್ಮೆ ಹಾಗೆ ನಯ. ನನಗೆ ಬೇಕೇ ಬೇಕು ಅನ್ನಿಸಿತು. ತೊಂಬತ್ತು ಯೂರೊ.

"ಪೇಪರಿಗೆ ಒಂಬತ್ತು ಸಾವಿರವಾ?" ಅಮ್ಮ ನನ್ನ ಮೊಣಕೈ ಹಿಡಿದಳು. "ರದ್ದಿ ಕೆಜಿಗೆ ಎಷ್ಟು ಗೊತ್ತಾ ನಿಂಗೆ?"

"ಪೇಪರಿಗಲ್ಲಮ್ಮ, ಮಜೂರಿಗೆ."

ಇದಕ್ಕೆ ಅವಳು ಏನೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ. ತಾತ ಬದುಕಿದ್ದಷ್ಟು ದಿನ ಜಗಳ ಆಡಿದ್ದೇ ಮಜೂರಿಗಾಗಿ. ಚಿನ್ನ ಗಿರಾಕಿಯದು, ತೂಕ ಗಿರಾಕಿಯ ಕಣ್ಣೆದುರಿಗೆ, ಕೊನೆಗೆ ಹದಿನೈದು ದಿನದ ಕೆಲಸಕ್ಕೆ ಕೊಡುವಾಗ ಚೌಕಾಸಿ. ಈಗಲೂ ಜ್ಯುವೆಲರಿ ಅಂಗಡಿಯ ಬಿಲ್ ನೋಡಿ. ಚಿನ್ನ ಇಷ್ಟು ಗ್ರಾಂ, ವೇಸ್ಟೇಜ್ ಇಷ್ಟು ಪರ್ಸೆಂಟು, ಜಿಎಸ್‌ಟಿ ಮೂರು ಪರ್ಸೆಂಟು. ನಾವು ಚೌಕಾಸಿ ಮಾಡುವುದು ಎಲ್ಲಿ? ಮೇಕಿಂಗ್ ಚಾರ್ಜಿನಲ್ಲಿ. ಮಾಡಿದವನ ಹೆಸರು ಬಿಲ್ಲಿನಲ್ಲಿ ಇರುವುದೇ ಇಲ್ಲ. ಈ ಸೈಕಲ್ ಅಂಗಡಿಯಲ್ಲಿ ವಸ್ತು ಪುಕ್ಕಟೆ, ಪೂರ್ತಿ ಹಣ ಕೈಕೆಲಸಕ್ಕೆ. ಒಳಗೆ ಹುಡುಗಿಯ ಹೆಸರಿನ ಎರಡಕ್ಷರ ಕೊರೆದಿತ್ತು.

"ಕೈ ತೊಳೆಯುವಾಗ?" ಅಮ್ಮನ ಪ್ರಶ್ನೆ.

ಮೆರುಗೆಣ್ಣೆ ಬಳಿದಿದೆ, ಆದರೂ ನೀರಿಗೆ ಹಾಕುವ ಮೊದಲು ತೆಗೆದುಬಿಡಿ ಎಂದಳು ಹುಡುಗಿ. ಅಮ್ಮ ತನ್ನ ಕೈ ಮುಂದೆ ಮಾಡಿದಳು. "ಇದು 1983ರಿಂದ ಬೆರಳಲ್ಲೇ ಇದೆ. ಪಾತ್ರೆ, ಬಟ್ಟೆ, ಸಗಣಿ, ಎಲ್ಲಾ ಆಗಿದೆ. ಹೇಳು ಅವಳಿಗೆ." ಸಗಣಿಗೆ ಜರ್ಮನ್ ಪದ ಹೇಳಲು ನನಗೆ ಸ್ವಲ್ಪ ನಾಚಿಕೆಯಾಯಿತು. ಆದರೂ ಹೇಳಿದೆ.

ಅದು ಅವಳ ಮದುವೆಯ ವಂಕಿ ಉಂಗುರ. ತಾತ ಮಾಡಿದ್ದು. ಬಾಗಿ ಚೂಪಾದ ಮುಂಭಾಗ, ಅದರ ಉದ್ದಕ್ಕೂ ಕೆಂಪು ಕಲ್ಲು, ಎರಡು ಕಲ್ಲು ಬಿದ್ದು ಹೋಗಿವೆ. ಈಗ ಗೆಣ್ಣು ಊದಿ ತೆಗೆಯಲೂ ಬರುವುದಿಲ್ಲ. ಹುಡುಗಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಮ್ಮನ ಬೆರಳನ್ನು ಬೆಳಕಿಗೆ ತಿರುಗಿಸಿದಳು. ಮುಂಭಾಗವನ್ನು ಹೆಚ್ಚು ನೋಡಲಿಲ್ಲ. ಅಂಗೈ ಕಡೆ ತಿರುಗಿಸಿ ಉಂಗುರದ ಹಿಂಬದಿ ನೋಡಿದಳು. ಅಲ್ಲಿ ಬೆಸುಗೆಯ ಗೆರೆ ಒಂಚೂರು ಓರೆಯಾಗಿದೆ. ನಲವತ್ತು ವರ್ಷ ಸವೆದರೂ ಅದರ ಪಕ್ಕ ಅರದ ಗೀರು ಎರಡು ಮೂರು ಉಳಿದಿವೆ. ಅದನ್ನು ಉಗುರಿನಿಂದ ತೋರಿಸಿ, ಇದನ್ನು ಮಾಡಿದವರು ಎಡಗೈಯವರಾ ಎಂದು ಕೇಳಿದಳು.

ನಾನು ಅನುವಾದ ಮಾಡಿದೆ. ಅಮ್ಮ ಹುಡುಗಿಯನ್ನೇ ನೋಡಿದಳು.

"ಹೂಂ. ಎಡಚ. ಊಟಕ್ಕೆ ಮಾತ್ರ ಬಲಗೈ."

ಆಮೇಲೆ ಹುಡುಗಿ ಒಂದು ಹಸಿರು ಜೇಡಿಯಂಥ ಉಂಡೆ ತೆಗೆದು, ಉಂಗುರದ ಹಿಂಭಾಗದ ಅಚ್ಚು ತೆಗೆದುಕೊಳ್ಳಬಹುದಾ ಎಂದಳು. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ಡಿಸೈನ್ ಕಾಪಿ ಹೊಡೀತಾಳೇನೋ." ಹಿಂಭಾಗ ಮಾತ್ರ ಅಂತೆ, ಗೀರು ಬೇಕಂತೆ ಎಂದೆ. "ಗೀರು ಕಾಪಿ ಮಾಡಿ ಏನ್ ಮಾಡ್ತಾಳೆ?" ಎಂದು ಗೊಣಗಿ ಕೈ ಕೊಟ್ಟಳು. ಪೇಪರ್ ಉಂಗುರಕ್ಕೆ ಹತ್ತು ಯೂರೊ ಕಡಿಮೆಯಾಯಿತು. ಚೌಕಾಸಿ ಮಾಡಿದ್ದು ನಾನಲ್ಲ.

ಮೂರನೇ ದಿನ, ಭಾನುವಾರ

ಭಾನುವಾರ ಪಿನಾಕೊಥೆಕ್ ಡೆರ್ ಮಾಡರ್ನೆ ಮ್ಯೂಸಿಯಂಗೆ ಟಿಕೆಟ್ ಒಂದೇ ಯೂರೊ. ಜನ ಜಾಸ್ತಿ. ಕೆಳಗಿನ ಅಂತಸ್ತಿನ ವಿನ್ಯಾಸ ಸಂಗ್ರಹದ ನಡುವೆ ಡಾನ್ನರ್ ರೊಟುಂಡ ಅನ್ನುವ ದುಂಡು ಕೋಣೆ ಇದೆ. 2004ರಿಂದ ಈ ಥರದ ಒಡವೆಗಳಿಗೇ ಮೀಸಲು. ಕತ್ತಲೆ, ಒಳಗಿನಿಂದ ಬೆಳಗುವ ಪೆಟ್ಟಿಗೆಗಳು. ದೇವಸ್ಥಾನದ ಗರ್ಭಗುಡಿ ಸುತ್ತಿದ ಹಾಗೆ ಜನ ಪ್ರದಕ್ಷಿಣೆ ಹಾಕುತ್ತಿದ್ದರು.

ಒಂದು ಸುತ್ತು ಹಾಕಿ ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಳು. ಕಾಲು. ಹಾಗಾಗಿ ನಾನು ಫೋನಿನಲ್ಲಿ ಫೋಟೊ ತೋರಿಸುತ್ತಾ ಕಥೆ ಹೇಳಿದೆ. ಈ ಊರಿನ ಲಲಿತಕಲಾ ಅಕಾಡೆಮಿಯಲ್ಲಿ 1991ರಿಂದ 2014ರವರೆಗೆ ಒಡವೆ ಕಲಿಸಿದ ಒಟ್ಟೊ ಕ್ಯೂನ್ಸ್‌ಲಿಯ ಕಥೆ. ಅವನು 1980ರಲ್ಲಿ ಒಂದು ಕಪ್ಪು ರಬ್ಬರ್ ಬಳೆ ಮಾಡಿದ. ಒಂದು ಕಡೆ ಉಬ್ಬಿಕೊಂಡಿದೆ, ಅಷ್ಟೇ. ಒಳಗೆ ಚಿನ್ನದ ಗುಂಡು ಇದೆ, ಆದರೆ ಕಾಣುವುದಿಲ್ಲ. ಹೆಸರು 'ಚಿನ್ನ ಕಣ್ಣು ಕುರುಡು ಮಾಡುತ್ತೆ'. ಹಾಕಿಕೊಂಡವರು ಚಿನ್ನ ಇದೆ ಅಂತ ನಂಬಬೇಕು. ನೋಡಲೇಬೇಕು ಅಂದರೆ ಬಳೆ ಕತ್ತರಿಸಬೇಕು.

"ಒರೆಗಲ್ಲಿಗೂ ಸಿಗಲ್ಲ" ಎಂದಳು ಅಮ್ಮ. ಕಥೆ ಅವಳಿಗೆ ಹಿಡಿಸಿತು.

ಅದೇ ವರ್ಷ ಅವನು ಇಬ್ಬರಿಗೆ ಒಂದು ಉಂಗುರ ಮಾಡಿದ. ಉಕ್ಕಿನ ಒಂದು ಸಣ್ಣ ಸರಳು, ಎರಡು ತುದಿಗೆ ಎರಡು ಉಂಗುರ. ಇಬ್ಬರೂ ಒಟ್ಟಿಗೆ ಹಾಕಿಕೊಂಡರೆ ಒಬ್ಬರು ತಲೆ ಕೆರೆದರೆ ಇನ್ನೊಬ್ಬರ ಕೈಯೂ ಏಳುತ್ತದೆ. ಅಮ್ಮ ಜೋರಾಗಿ ನಕ್ಕಳು. "ನಿಮ್ಮಪ್ಪನಿಗೆ ಇದನ್ನೇ ಹಾಕ್ಬೇಕಿತ್ತು."

ಆದರೆ 1985-86ರ ಸರದ ವಿಷಯ ಹೇಳಿದಾಗ ನಗು ನಿಂತಿತು. ಬೇರೆಯವರು ತೊಟ್ಟು ಬಿಟ್ಟ 48 ಮದುವೆ ಉಂಗುರಗಳನ್ನು ಕೊಂಡು, ಒಂದಕ್ಕೊಂದು ಪೋಣಿಸಿ ಮಾಡಿದ ಸರ ಅದು. ಸತ್ತವರದ್ದು, ಬಿಟ್ಟು ಹೋದವರದ್ದು, ಯಾರ್ಯಾರದ್ದೋ. ಚಿನ್ನ ಅಪ್ಪಟವೇ. ಆದರೂ ಕುತ್ತಿಗೆಗೆ ಹಾಕಿಕೊಳ್ಳುವ ಧೈರ್ಯ ಯಾರಿಗಿದೆ? ಅಮ್ಮ ಫೋನನ್ನು ನನಗೆ ವಾಪಸ್ ಕೊಟ್ಟಳು. "ಅಂಥ ಚಿನ್ನ ಕರಗಿಸದೆ ಮುಟ್ಟಬಾರದು. ನಮ್ಮಪ್ಪ ಹಳೇ ತಾಳಿ ಬಂದ್ರೆ ಕೈಯಲ್ಲಿ ತಗೊಳ್ತಿರ್ಲಿಲ್ಲ. ನೇರ ಮೂಸೆಗೆ ಹಾಕಿ ಅನ್ನೋರು."

ಹಾಲೆಂಡಿನವರು ಇನ್ನೂ ಮುಂದೆ ಹೋಗಿದ್ದಾರೆ. ಖೈಸ್ ಬಕ್ಕರ್ 1973ರಲ್ಲಿ ಚಿನ್ನದ ತಂತಿಯನ್ನು ತೋಳಿಗೆ ಬಿಗಿಯಾಗಿ ಸುತ್ತಿ, ಬಿಚ್ಚಿದ ಮೇಲೆ ಚರ್ಮದ ಮೇಲೆ ಉಳಿಯುವ ಗುರುತೇ ಒಡವೆ ಎಂದ. ಟೆಡ್ ನೋಟನ್ ಗುಲಾಬಿ ಬಣ್ಣದ ಹಂದಿಮೂತಿಯ ನೈಲಾನ್ ಉಂಗುರಗಳನ್ನು ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿ, ನಿಮ್ಮ ಉಂಗುರ ಇಲ್ಲಿ ಬಿಟ್ಟು ಇದನ್ನು ತೆಗೆದುಕೊಂಡು ಹೋಗಿ ಎಂದ. ಜನ ನಿಜವಾಗಲೂ ತಮ್ಮ ಉಂಗುರ ಬಿಟ್ಟು ಹೋದರು. ನನಗೆ ಇವೆರಡೂ ಸ್ವಲ್ಪ ಮಾತಿನ ಮಲ್ಲರ ಕೆಲಸ ಅನ್ನಿಸುತ್ತದೆ. ಕೇಳಲು ಚೆನ್ನ, ಹಾಕಿಕೊಳ್ಳಲು ಏನಿದೆ? ಫ್ರಿಚ್‌ನ ಹೆಬ್ಬೆರಳಿನ ಗುರುತೇ ನನಗೆ ಇಷ್ಟ.

"ಹಾಕ್ಕೊಂಡು ಬಿಚ್ಚೋದು ಏನ್ ಹೊಸದು?" ಎಂದಳು ಅಮ್ಮ. "ದರ್ಭೆ ಪವಿತ್ರ ಇಲ್ವಾ? ಹುಲ್ಲಿನ ಉಂಗುರ. ಅದಿಲ್ದೆ ಕರ್ಮವೇ ನಡೆಯಲ್ಲ. ಮುಗಿದ ಮೇಲೆ ಗಂಟು ಬಿಚ್ಚಿ ಬಿಸಾಕ್ತೀವಿ."

ಒಂದು ವಾರ ಓದಿಕೊಂಡು ಬಂದ ನನಗೆ ಇದು ಹೊಳೆದಿರಲಿಲ್ಲ. ಸಂಜೆಯ ರೈಲಿನಲ್ಲಿ ಅಮ್ಮ ನಿದ್ದೆ ಮಾಡಿದಳು. ನಾನು ಪೇಪರ್ ಉಂಗುರ ತಿರುಗಿಸುತ್ತಾ ಕೂತೆ.

ನಾಲ್ಕು ಮತ್ತು ಐದು

ಸೋಮವಾರ, ಮಂಗಳವಾರ ಮನೆಯಿಂದ ಆಫೀಸ್ ಕೆಲಸ. ಬರೆಯುವಂಥದ್ದು ಏನಿಲ್ಲ, ಒಂದು ಬಿಟ್ಟು. ಸೋಮವಾರ ರಾತ್ರಿ ಉಂಗುರ ತೆಗೆಯದೆ ಪಾತ್ರೆ ತೊಳೆದೆ. ಬೆಳಗ್ಗೆ ನೋಡಿದರೆ ಒಂದು ಅಂಚು ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಂಡಿತ್ತು. ಒಳಗಿನಿಂದ ಅರ್ಧ ಅಕ್ಷರ ಇಣುಕುತ್ತಿತ್ತು. ಅಮ್ಮ ನೋಡಿ ಏನೂ ಅನ್ನಲಿಲ್ಲ. ತನ್ನ ಉಂಗುರದ ಕೈಯಿಂದಲೇ ನನ್ನ ಕಾಫಿ ಲೋಟ ತೊಳೆದಿಟ್ಟಳು.

ಆರನೇ ದಿನ, ಬುಧವಾರ

ಫೋರ್ಟ್ಸ್‌ಹೈಮ್ ನಮ್ಮ ಊರಿನಿಂದ ಒಂದು ಗಂಟೆಯೂ ಇಲ್ಲ. ಜರ್ಮನಿಯಲ್ಲಿ ಅದಕ್ಕೆ ಚಿನ್ನದ ಊರು ಅಂತ ಹೆಸರು. ಇಳಿದರೆ ಚಿನ್ನದ ಊರಿನ ಹಾಗೆ ಏನೂ ಕಾಣುವುದಿಲ್ಲ. ಬೂದು ಕಟ್ಟಡಗಳು, ಜಿಟಿಜಿಟಿ ಮಳೆ. ಕಾರಣ ಇದೆ. 1945ರ ಫೆಬ್ರವರಿ 23ರ ರಾತ್ರಿ ಬ್ರಿಟಿಷ್ ವಿಮಾನಗಳು ಇಪ್ಪತ್ತು ಚಿಲ್ಲರೆ ನಿಮಿಷ ಬಾಂಬು ಸುರಿದವು. ಸುಮಾರು 17,000 ಜನ ಸತ್ತರು. ಹಳೆಯ ಊರು ಉಳಿಯಲೇ ಇಲ್ಲ. ಅವಶೇಷಗಳನ್ನೆಲ್ಲ ಸಾಗಿಸಿ ಪಕ್ಕದ ಗುಡ್ಡದ ಮೇಲೆ ಹಾಕಿದರು. ವಾಲ್‌ಬರ್ಗ್ ಅಂತ ಆ ಗುಡ್ಡ ಊರಿನಿಂದ ಕಾಣುತ್ತದೆ.

ಚಿನ್ನದ ಕಸುಬು ಬಂದದ್ದು 1767ರಲ್ಲಿ. ಬಾಡೆನ್‌ನ ದೊರೆ ಕಾರ್ಲ್ ಫ್ರೀಡ್ರಿಷ್ ಇಲ್ಲಿಯ ಅನಾಥಾಲಯದಲ್ಲಿ ಗಡಿಯಾರ ಮತ್ತು ಒಡವೆ ಮಾಡುವ ಕಾರ್ಖಾನೆ ಶುರು ಮಾಡಿಸಿದ. ಅನಾಥ ಮಕ್ಕಳೇ ಮೊದಲ ಕೆಲಸಗಾರರು. ಆಮೇಲೆ ಸುತ್ತಲಿನ ಹಳ್ಳಿಗಳಿಂದ ಜನ ದಿನಾ ಗಂಟೆಗಟ್ಟಲೆ ನಡೆದು ಕೆಲಸಕ್ಕೆ ಬರುತ್ತಿದ್ದರು. ಮೊಳೆ ಹೊಡೆದ ಬೂಟಿನ ಸದ್ದಿಗೆ ಅವರನ್ನು ರಾಸ್ಲರ್ ಅಂತ ಕರೆಯುತ್ತಿದ್ದರಂತೆ. ನಮ್ಮಲ್ಲಿ ಅಪ್ಪನಿಂದ ಮಗನಿಗೆ ಬರುವ ಕಸುಬು ಇಲ್ಲಿ ಹೊಟ್ಟೆಪಾಡಿಗೆ ಕಲಿತದ್ದು. ಅಮ್ಮನಿಗೆ ಇದು ಆಶ್ಚರ್ಯ. "ಯಾರು ಬೇಕಾದ್ರೂ ಕಲೀಬಹುದಿತ್ತಾ?" ಎಂದು ಎರಡು ಸಲ ಕೇಳಿದಳು.

ಒಂದು ಅಂಗಡಿಯ ಕಿಟಕಿಯಲ್ಲಿ ಉಂಗುರಗಳಿಗೆ 333 ಅಂತ ಚೀಟಿ. ಅಂದರೆ ಸಾವಿರಕ್ಕೆ 333 ಪಾಲು ಚಿನ್ನ, ಎಂಟು ಕ್ಯಾರೆಟ್. ಇಲ್ಲಿ ಅದನ್ನೂ ಚಿನ್ನ ಅಂತಲೇ ಮಾರುತ್ತಾರೆ. 916 ನೋಡಿ ಬೆಳೆದ ಅಮ್ಮ ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಹಳಸಿದ ಸಾರು ಮೂಸಿದವರ ಹಾಗೆ.

ಒಡವೆ ಮ್ಯೂಸಿಯಂ ಇರುವುದು ರಾಯ್‌ಷ್ಲಿನ್‌ಹೌಸ್ ಅನ್ನುವ ಕಟ್ಟಡದಲ್ಲಿ. ಮನ್ಫ್ರೆಡ್ ಲೇಂಬ್ರುಕ್ ವಿನ್ಯಾಸ ಮಾಡಿದ್ದು, 1961ರಲ್ಲಿ ತೆರೆದದ್ದು. ಐದು ಸಾವಿರ ವರ್ಷದ ಒಡವೆ ಇದೆ. ಗ್ರೀಕರದ್ದು, ರೋಮನ್ನರದ್ದು, ಎರಡು ಕೈ ಹಿಡಿದುಕೊಂಡ ಹಾಗೆ ಮಾಡಿದ ಮದುವೆ ಉಂಗುರಗಳು. ಹೊಸಬರ ಕಡೆ ಫ್ರೀಡ್ರಿಷ್ ಬೆಕರ್ ಇದ್ದಾನೆ. ವಿಮಾನ ಎಂಜಿನಿಯರಿಂಗ್ ಓದಿ ಅಕ್ಕಸಾಲಿಗನಾದವನು. ಕೈ ಆಡಿದ ಹಾಗೆ ಮೇಲ್ಭಾಗ ತಿರುಗುವಂಥ ಉಂಗುರಗಳನ್ನು ಮಾಡಿದ. ಗಾಜಿನೊಳಗೆ ಯಾರ ಕೈಯೂ ಇಲ್ಲದೆ ಅವು ಸುಮ್ಮನೆ ಕೂತಿದ್ದವು. ಅದನ್ನು ನೋಡಿ ಬೇಜಾರಾಯಿತು. ನಾವು ಬೇಗ ಹೊರಟೆವು.

ಯಾಕೆಂದರೆ ನನ್ನ ಲೆಕ್ಕದಲ್ಲಿ ಅಸಲಿ ಜಾಗ ಇನ್ನೊಂದು. ಹಳೆಯ ಒಡವೆ ಕಾರ್ಖಾನೆಯ ಕಟ್ಟಡದಲ್ಲಿ ಊರಿನ ಒಡವೆ ಮತ್ತು ಗಡಿಯಾರ ಕಸುಬಿನ ಯಂತ್ರಗಳ ಮ್ಯೂಸಿಯಂ ಇದೆ. ನಿವೃತ್ತರಾದ ಕೆಲಸಗಾರರೇ ಬಂದು ಯಂತ್ರ ನಡೆಸಿ ತೋರಿಸುತ್ತಾರೆ. ಸರ ಹೆಣೆಯುವ ಯಂತ್ರ ಟಕಟಕ ಅನ್ನುತ್ತಾ ಕೊಂಡಿ ಕೊಂಡಿಯಾಗಿ ಸರ ಉಗುಳುತ್ತಿತ್ತು. ಎಣ್ಣೆ, ಕಬ್ಬಿಣದ ವಾಸನೆ. ಅಮ್ಮ ಯಂತ್ರಗಳನ್ನು ದಾಟಿ ಅಕ್ಕಸಾಲಿಗರ ಮೇಜಿನ ಹತ್ತಿರ ನಿಂತಳು.

ಇಲ್ಲಿಯವರು ನೆಲದ ಮೇಲೆ ಕೂರುವುದಿಲ್ಲ. ಮೇಜಿನ ಅಂಚನ್ನು ಅರ್ಧಚಂದ್ರದ ಹಾಗೆ ಕತ್ತರಿಸಿ ಅದರೊಳಗೆ ಕೂರುತ್ತಾರೆ. ಕೆಳಗೆ ತೊಡೆಯ ಮೇಲೆ ಚರ್ಮ ತೂಗುಬಿಟ್ಟಿರುತ್ತದೆ. ಅರದ ಪುಡಿ ಅದರಲ್ಲಿ ಬೀಳುತ್ತದೆ. ನೆಲಕ್ಕೆ ಮರದ ಜಾಲರಿ, ಕಾಲಿಗೆ ಅಂಟಿದ ಚೂರು ಅದರ ಸಂದಿಗೆ ಇಳಿಯಲಿ ಅಂತ. ಕೈ ತೊಳೆದ ನೀರನ್ನೂ ಸೋಸಿ ಚಿನ್ನ ತೆಗೆಯುತ್ತಿದ್ದರು ಎಂದರು ಅಲ್ಲಿದ್ದ ಅಜ್ಜ.

"ನಮ್ಮನೇಲೂ ಕಸ ಹೊರಗೆ ಹಾಕೋ ಹಾಗಿರ್ಲಿಲ್ಲ" ಎಂದಳು ಅಮ್ಮ. "ಗುಡಿಸಿದ ಮಣ್ಣು, ಕುಲುಮೆ ಬೂದಿ, ಎಲ್ಲ ಡಬ್ಬಕ್ಕೆ. ವರ್ಷಕ್ಕೊಂದ್ಸಲ ಜಲಗಾರರು ಬಂದು ಕೊಂಡ್ಕೊಂಡು ಹೋಗೋರು. ನೀರಲ್ಲಿ ಜಾಲಿಸಿ ಚಿನ್ನ ತೆಗೆಯೋರು. ಆ ದುಡ್ಡಲ್ಲೇ ನಮಗೆ ಹಬ್ಬಕ್ಕೆ ಬಟ್ಟೆ." ನಾನು ಇದನ್ನು ಮೊದಲು ಕೇಳಿರಲಿಲ್ಲ. ಮೂವತ್ತೆಂಟು ವರ್ಷ ಇವಳ ಮಗಳಾಗಿದ್ದೂ.

ಅಜ್ಜ ತಂತಿ ಎಳೆಯುವ ಪಟ್ಟಿ ತೆಗೆದರು. ಉಕ್ಕಿನ ಪಟ್ಟಿ, ಅದರ ತುಂಬ ತೂತು, ಒಂದಕ್ಕಿಂತ ಒಂದು ಸಣ್ಣ.

"ಕಂಬಚ್ಚು!" ಎಂದಳು ಅಮ್ಮ.

ಅಜ್ಜನಿಗೆ ಪದ ಗೊತ್ತಿಲ್ಲ, ದನಿ ಗೊತ್ತಾಯಿತು. ಪಟ್ಟಿಯನ್ನು ವೈಸಿನಲ್ಲಿ ಬಿಗಿದು, ಹಿತ್ತಾಳೆ ತಂತಿಯ ತುದಿಯನ್ನು ಅರದಿಂದ ಚೂಪು ಮಾಡಿ, ಮೇಣ ಸವರಿ ತೂತಿಗೆ ತೂರಿಸಿ, ಇಕ್ಕಳವನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಚೀಲ ನನಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ಹಿಂದಿಟ್ಟಳು. ತೋಳಿನಿಂದ ಎಳೆಯಲಿಲ್ಲ. ಇಡೀ ಮೈಯನ್ನು ಹಿಂದಕ್ಕೆ ವಾಲಿಸಿದಳು. ತಂತಿ ಕಿರ್ರ್ ಅನ್ನುತ್ತಾ ಒಂದೇ ಸಮ ಬಂತು. ಎಲ್ಲೂ ತಡೆಯಲಿಲ್ಲ. ಎರಡನೇ ತೂತು. ಮೂರನೇ ತೂತು. ಚಿಕ್ಕವಳಿದ್ದಾಗ ತಾತ ತಂತಿ ಎಳೆಯಲು ಇವಳನ್ನೇ ಕರೆಯುತ್ತಿದ್ದರಂತೆ, ಶಾಲೆಗೆ ಹೊರಡುವ ಮೊದಲು. ಅಜ್ಜ ಪಕ್ಕದ ಯಂತ್ರದ ಇನ್ನೊಬ್ಬ ಅಜ್ಜನನ್ನು ಕೂಗಿ ಕರೆದರು. ಇಬ್ಬರೂ ಕೈಕಟ್ಟಿ ನಿಂತು ನೋಡಿದರು.

ಎಳೆದ ತಂತಿಯನ್ನು ಸುರುಳಿ ಸುತ್ತಿ ಅಮ್ಮನಿಗೇ ಕೊಟ್ಟುಬಿಟ್ಟರು. ಅಮ್ಮ ಅದನ್ನು ಅಂಗೈಯಲ್ಲಿ ಸ್ವಲ್ಪ ಮೇಲೆ ಕೆಳಗೆ ಆಡಿಸಿದಳು. ಅಭ್ಯಾಸ.

ವಾಪಸ್ ರೈಲಿನಲ್ಲಿ ಅವಳು ತಂತಿಯ ತುದಿಯನ್ನು ನನ್ನ ಉಂಗುರದ ಬೆರಳಿಗೆ ಸುತ್ತಿ ಅಳತೆ ನೋಡಿದಳು. ಪೇಪರ್ ಉಂಗುರ ನನ್ನ ಪರ್ಸಿನಲ್ಲಿತ್ತು.

"ಪವಿತ್ರದ ಗಂಟು ಹಾಕ್ತೀನಿ. ಆದ್ರೆ ಎಳೆದ ತಂತಿ ಬಿರುಸಾಗಿದೆ. ಕಾಯಿಸದೆ ತಿರುಚಿದ್ರೆ ಮುರಿಯುತ್ತೆ. ಕೆಂಪಗೆ ಕಾಯಬೇಕು." ಆಮೇಲೆ ತಲೆ ಎತ್ತಿದಳು. "ನಿಮ್ಮನೆ ಒಲೇಲಿ ಬೆಂಕೀನೇ ಇಲ್ವಲ್ಲೇ."

ಇಲ್ಲ. ಇಂಡಕ್ಷನ್. ದೀಪ ಹಚ್ಚುವ ಲೈಟರ್ ಇದೆ, ಅದಕ್ಕೆ ಇದು ಆಗದು ಎಂದಳು. ಊದುಗೊಳವೆ ಇದ್ದಿದ್ದರೆ ದೀಪದಲ್ಲೇ ಮಾಡುತ್ತಿದ್ದಳಂತೆ.

ಮೇಲಿನ ಮನೆಯವಳ ಹತ್ತಿರ ಸಿಹಿತಿಂಡಿಯ ಮೇಲಿನ ಸಕ್ಕರೆ ಸುಡುವ ಪುಟ್ಟ ಗ್ಯಾಸ್ ಟಾರ್ಚ್ ಇರುವುದು ನೆನಪಾಯಿತು. ರೈಲಿನಿಂದಲೇ ಮೆಸೇಜ್ ಹಾಕಿದೆ, ರಾತ್ರಿ ಸ್ವಲ್ಪ ಹೊತ್ತಿಗೆ ಬೇಕಿತ್ತು ಅಂತ. ಎರಡು ನಿಮಿಷದಲ್ಲಿ ಉತ್ತರ ಬಂತು: ಖಂಡಿತ ಕೊಡುತ್ತೇನೆ, ಏನು ಸಿಹಿ ಮಾಡುತ್ತಿದ್ದೀರಿ?